ದುಗ್ಗವ್ವ ಪಳಗಿಸಿದ ಮೆಟ್ಟು

ಬನ್ರಪ್ಪಾ, ಬನ್ರವ್ವಾ, ಮೆಟ್ಟು ಹೊಸ್ತಿಲಾಚೆ ಬಿಟ್ಟು ಬಂದು ಕೂತ್ಕೊಳ್ಳಿ. ಬಿಡುವಾಗ ಅದಕ್ಕೊಂದು ಕೈ ಮುಗೀರಿ. ಯಾಕೆ ಅಂತೀರಾ? ಕಥೆ ಮುಗಿಯೋ ಹೊತ್ತಿಗೆ ನಿಮಗೇ ಗೊತ್ತಾಗುತ್ತೆ.

ಒಂದು ರಾಜ್ಯದಲ್ಲಿ ಮಲ್ಲರಸ ಅಂತ ಒಬ್ಬ ದೊರೆ ಇದ್ದ. ದೊರೆ ಒಳ್ಳೆಯವನೇ. ಆದರೆ ಆ ರಾಜ್ಯದ ದೊಡ್ಡವರಿಗೆಲ್ಲ ಒಂದು ಹುಚ್ಚಿತ್ತು. ಮೆಟ್ಟಿನ ಅಡಿಯ ಅಟ್ಟೆಯ ಪದರದ ನಡುವೆ ಬೀಜ ಇಟ್ಟು ಹೊಲಿಸೋರು. ನಡೆದರೆ ಕರ್ ಕರ್ ಅಂತ ಸದ್ದು. ಸದ್ದು ದೊಡ್ಡದಾದಷ್ಟೂ ಮನುಷ್ಯ ದೊಡ್ಡೋನು. ಸದ್ದಿಲ್ಲದೆ ನಡೆಯೋನಿಗೆ ಬೀದಿಯಲ್ಲಿ ಯಾರೂ ದಾರಿ ಬಿಡ್ತಿರಲಿಲ್ಲ.

ಅರಮನೆಯಲ್ಲಿ ದುಗ್ಗವ್ವ ಅಂತ ಊಳಿಗದವಳಿದ್ದಳು. ಮಾತು ಚುರುಕು, ಪಾದ ಅಗಲ. ಎಷ್ಟು ಅಗಲ? ಮೊರದಷ್ಟು ಅಂತ ಊರಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗೋರು. ದೊರೆಯ ಪಾದವೂ ಅದೇ ಅಳತೆ! ಆದರೆ ದೊರೆಯ ಪಾದ ನೋಡಿ ನಗೋಕೆ ಯಾರಿಗಿದೆ ಎದೆ? ದೊರೆಗೆ ಹೊಸ ಮೆಟ್ಟು ಬಂದರೆ ಮೊದಲು ಮೆಟ್ಟೋಳು ದುಗ್ಗವ್ವನೇ. ಹರಳೆಣ್ಣೆ ಹಚ್ಚೋಳು, ಕಲ್ಲು ಮುಳ್ಳು ಸುತ್ತೋಳು, ಚರ್ಮ ಮೆತ್ತಗಾದ ಮೇಲೆ ಒರೆಸಿ ಕೊಡೋಳು. ಕಾಲಿನ ಬೊಬ್ಬೆಗಳೆಲ್ಲ ಅವಳಿಗೆ, ಸುಖವೆಲ್ಲ ದೊರೆಗೆ.

ಹೀಗಿರುವಾಗ ಆಫ್ರಿಕಾದಿಂದ ಒಂದು ಹಡಗು ಬಂತು. ಹಿಂದೆ ದೊರೆಯ ತಂದೆಯ ಹಡಗು ಆ ದೇಶದ ದಡದಲ್ಲಿ ಒಡೆದಿತ್ತು. ಅಲ್ಲಿನ ಊರ ಹಿರಿಯ, ಜುಮಾ ಅನ್ನೋನು, ಆ ತಂದೆಯನ್ನು ನೀರಿನಿಂದ ಎಳೆದು ತಂದು, ಉಣ್ಣಿಸಿ ಬದುಕಿಸಿದ್ದ. ಈಗ ಆ ಜುಮಾನ ಊರಿಗೆ ಒಂದು ಸಿಂಹದ ಕಾಟ. ದನ ತಿಂತು, ಕರು ತಿಂತು, ಕೊನೆಗೆ ಮನುಷ್ಯರಿಗೇ ಬಾಯಿ ಹಾಕಿತು. "ಬೇಟೆಗೆ ಬಾರಪ್ಪಾ, ಕಾಪಾಡು" ಅಂತ ಆತ ಹೇಳಿಕಳಿಸಿದ್ದ.

"ನಮ್ಮಪ್ಪ ಬದುಕಿದ್ದೇ ಆ ಊರಿನ ಋಣದಿಂದ. ಹೋಗಲೇಬೇಕು," ಅಂದ ದೊರೆ.

ದೊರೆಗೆ ಬೊಮ್ಮರಸ ಅಂತ ಒಬ್ಬ ಭಾವಮೈದ, ರಾಣಿಯ ತಮ್ಮ. ತಿನ್ನೋದು ಅರಮನೆಯ ಅನ್ನ, ಕಣ್ಣು ಸಿಂಹಾಸನದ ಮೇಲೆ. ಅವನೊಂದು ಹೊಸ ಜೋಡಿ ಮಾಡಿಸಿ ತಂದ. ಮೇಲೆಲ್ಲ ಜರಿ. ಅಟ್ಟೆ ತುಂಬ ಬೀಜ. ಅಳತೆ ಬೇಕಂತಲೇ ಬಿಗಿ. ಹಿಮ್ಮಡಿಗೆ ಬಾರು, ಬಾರಿಗೆ ಸುಲಭಕ್ಕೆ ಬಿಚ್ಚದ ಗಂಟು.

"ಭಾವ, ಪರದೇಶಕ್ಕೆ ಹೋಗುವಾಗ ಊಳಿಗದವಳು ಮೆಟ್ಟಿ ಬಿಟ್ಟಿದ್ದನ್ನ ಹಾಕ್ಕೊಳ್ತೀರಾ? ನೋಡಿದವರು ಏನಂದಾರು?" ಅಂದ ಬೊಮ್ಮರಸ.

"ಬುದ್ಧೀ, ಮೆರವಣಿಗೆ ಮೆಟ್ಟೇ ಬೇರೆ, ಬೇಟೆ ಮೆಟ್ಟೇ ಬೇರೆ. ಹೊಸದು ಕಚ್ಚುತ್ತೆ, ಇದು ಕೂಗೋದೂ ಕೂಗುತ್ತೆ," ಅಂದಳು ದುಗ್ಗವ್ವ.

ದೊರೆಗೆ ನೋಡಿದವರ ಮಾತಿನದೇ ಚಿಂತೆ. ಜರಿಯದನ್ನೇ ಆರಿಸಿದ. ಆದರೆ ದುಗ್ಗವ್ವ ಅಡುಗೆಗೆ ಅಂತ ಹಡಗು ಹತ್ತುವಾಗ, ತಾನು ಬೇಟೆಗೆಂದೇ ಪಳಗಿಸಿದ್ದ ಸದ್ದಿಲ್ಲದ ಜೋಡಿಯನ್ನು ಚಾಪೆಯಲ್ಲಿ ಸುತ್ತಿಕೊಂಡಳು. ಬೊಮ್ಮರಸನೂ ಹತ್ತಿದ. ಕಣ್ಣಾರೆ ನೋಡಬೇಕಲ್ಲ ಅವನಿಗೆ!

ಮೊದಲನೇ ದಿನ ದೊರೆ ಈಟಿ ಹಿಡಿದು ಹುಲ್ಲುಗಾವಲಿಗೆ ಇಳಿದ. ಕರ್ ಕರ್, ಕರ್ ಕರ್. ಸಿಂಹ ಕಿವಿ ನಿಮಿರಿಸಿತು. "ಇದ್ಯಾವುದಪ್ಪಾ ಹೊಸ ಪ್ರಾಣಿ?" ಅಂದು ದೂರ ಸರಿಯಿತು. ದೊರೆಗೆ ಸಿಂಹ ಸಿಗಲಿಲ್ಲ, ಬೊಬ್ಬೆ ಸಿಕ್ಕಿತು.

ಎರಡನೇ ದಿನ ಮತ್ತೆ ಹೋದ. ಕರ್ ಕರ್, ಕರ್ ಕರ್. ಬೊಬ್ಬೆ ಒಡೆಯಿತು, ದೊರೆ ಕುಂಟಿದ. "ಎಲ್ಲಿದ್ದೀನಿ ಅಂತ ತಾನೇ ಕೂಗಿ ಹೇಳುತ್ತೆ. ಓಡೋಕೂ ಬರಲ್ಲ. ನಾಳೆ ನನ್ನ ಊಟ ಇದೇ," ಅಂತು ಸಿಂಹ.

ಸಂಜೆ ಜುಮಾ ನೆಲ ನೋಡಿ ಬಂದವನು ಗಾಬರಿಯಾಗಿದ್ದ. "ದೊರೆಯೇ, ನಿನ್ನ ಹೆಜ್ಜೆ ಮೇಲೆ ಅದರ ಹೆಜ್ಜೆ ಬಿದ್ದಿದೆ. ನೀನು ಅದರ ಬೇಟೆ ಆಡ್ತಿಲ್ಲ, ಅದೇ ನಿನ್ನ ಬೇಟೆ ಆಡ್ತಿದೆ!"

ದುಗ್ಗವ್ವ ಮೆಟ್ಟಿನ ಬಾರಿನ ಗಂಟನ್ನು ನೀರಲ್ಲಿ ನೆನೆಸಿ ಬಿಚ್ಚಿದಳು. ಒಡೆದ ಬೊಬ್ಬೆಗೆ ಎಣ್ಣೆ ಹಚ್ಚಿದಳು. ದೊರೆಯ ಕಣ್ಣು ತುಂಬಿ ಬಂತು.

"ಇಷ್ಟು ವರ್ಷ ಈ ನೋವೆಲ್ಲ ನೀನು ತಿಂದೆಯಲ್ಲವ್ವಾ! ನನಗೆ ಒಂದು ದಿನವೂ ಗೊತ್ತಾಗಲಿಲ್ಲವಲ್ಲ!"

"ಅಳೋದು ಆಮೇಲೆ, ಬುದ್ಧಿ. ಈ ಅಟ್ಟೆ ನೋಡಿ. ಇಷ್ಟು ಬೀಜ ಶೋಕಿಗೆ ಇಟ್ಟಿದ್ದಲ್ಲ."

"ಬೊಮ್ಮರಸ ನನ್ನ ಹೆಂಡತಿಯ ಒಡಹುಟ್ಟಿದವನು. ಅವನು ಹಾಗೆ ಮಾಡ್ತಾನಾ?"

"ಅವರ ಬಾಯಿಂದಲೇ ಕೇಳೋರಂತೆ. ನಾಳೆ ನಾನು ಪಳಗಿಸಿ ತಂದ ಮೆಟ್ಟು ಹಾಕ್ಕೊಂಡು ಅವರ ಹಿಂದೆಯೇ ನಡೀರಿ. ಈಟಿ ಮಾತ್ರ ಕೈಲಿರಲಿ."

ಬೆಳಿಗ್ಗೆ ಅವಳು ಜರಿ ಮೆಟ್ಟು ಹಿಡಿದು ಬೊಮ್ಮರಸನ ಹತ್ತಿರ ಹೋದಳು. "ದೊರೆಗೆ ಕಾಲು ಊದಿದೆ, ಬುದ್ಧಿ. ಇದನ್ನ ಮೆಟ್ಟಿ ಆ ದೊಡ್ಡ ಮರದ ತನಕ ಹೋಗಿ ಬಂದರೆ, ಇನ್ನು ಇವರೇ ನಮ್ಮ ದೊರೆ ಅಂತ ಎಲ್ಲರೂ ಅಂದ್ಕೊಳ್ತಾರೆ."

"ಸಿಂಹ?"

"ಎಲ್ಲಿದೆ ಸಿಂಹ? ದೊರೆ ಅಷ್ಟು ಹುಡುಕಿದರೂ ಸಿಕ್ಕಿತಾ?"

ದೊರೆ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಬೊಮ್ಮರಸನ ಬುದ್ಧಿ ಕಾಲಿಗಿಳಿಯಿತು. ಮೆಟ್ಟಿಕೊಂಡ, ಬಾರಿಗೆ ಅದೇ ಗಂಟು ಬಿಗಿದ, ಎದೆಯುಬ್ಬಿಸಿ ನಡೆದ. ಕರ್ ಕರ್, ಕರ್ ಕರ್. ಹಿಂದೆ ಹುಲ್ಲಿನಲ್ಲಿ ದೊರೆ ಬರ್ತಿದ್ದ. ದುಗ್ಗವ್ವ ಪಳಗಿಸಿದ ಮೆಟ್ಟು, ಬೆಕ್ಕು ನಡೆದಷ್ಟೂ ಸದ್ದಿಲ್ಲ. ನೊಂದ ಕಾಲಿಗೆ ತಾಯಿ ಕೈ ಸವರಿದ ಹಾಗಿತ್ತು.

ಮರ ಇನ್ನೂ ದೂರವಿತ್ತು. ಸಿಂಹ ಎದುರಿಗೇ ಎದ್ದು ನಿಂತಿತು.

"ಬಂದೆಯಾ ಕರ್ ಕರ್ ಪ್ರಾಣಿ?"

ಬೊಮ್ಮರಸ ಓಡಲು ನೋಡಿದ, ಮೆಟ್ಟು ಕಚ್ಚಿತು. ಬಿಚ್ಚಲು ನೋಡಿದ, ಗಂಟು ಬಿಡಲಿಲ್ಲ. ಹಾಗೆ ಗಂಟು ಹಾಕಿಸಿದವನೂ ಅವನೇ ತಾನೆ! ನೆಲಕ್ಕೆ ಬಿದ್ದು ಕಿರುಚಿದ:

"ಸಿಂಹಪ್ಪಾ, ನನ್ನ ಬಿಡು! ಈ ಮೆಟ್ಟು ನನ್ನದಲ್ಲ. ನೀನು ತಿನ್ನಲಿ ಅಂತ ಭಾವನಿಗೆ ಮಾಡಿಸಿದ್ದು! ಅವನು ಅಲ್ಲಿ ಗುಡಿಸಲಲ್ಲಿ ಬಿದ್ದಿದ್ದಾನೆ, ಅವನನ್ನ ತಿನ್ನು!"

"ಗುಡಿಸಲಲ್ಲಿಲ್ಲ ಬೊಮ್ಮರಸ, ನಿನ್ನ ಬೆನ್ನ ಹಿಂದಿದ್ದೀನಿ," ಅಂದ ದೊರೆ. ಸಿಂಹ ದೊರೆಯ ಮೇಲೆ ಹಾರಿತು. ದೊರೆಯ ಪಾದ ನೆಲ ಕಚ್ಚಿ ನಿಂತಿತು, ಜಾರಲಿಲ್ಲ. ಈಟಿ ಸಿಂಹದ ಎದೆಗೆ ನಾಟಿತು.

ಜುಮಾನ ಊರಲ್ಲಿ ಡೋಲು ಬಡಿದರು, ಕುಣಿದರು. ಜುಮಾ ದೊರೆಯನ್ನು ಅಪ್ಪಿಕೊಂಡು ಅತ್ತ. ದೊರೆ ಅಂದ: "ನನಗಲ್ಲ ಹಿರಿಯಾ, ಇವಳಿಗೆ ಕೈ ಮುಗಿ." ಮೊದಲು ತಾನೇ ಮುಗಿದ. ಊಳಿಗದವಳ ಅಗಲ ಪಾದಕ್ಕೆ, ಎಲ್ಲರೆದುರಿಗೆ.

"ಏನು ಬೇಕು ಕೇಳವ್ವಾ," ಅಂದ.

ದುಗ್ಗವ್ವ ಕಣ್ಣೊರೆಸಿಕೊಂಡು ನಕ್ಕಳು. "ನನಗೂ ಒಂದು ಜೊತೆ ಕರ್ ಕರ್ ಮೆಟ್ಟು ಮಾಡಿಸಿಕೊಡಿ, ಬುದ್ಧಿ. ಬೇಟೆಗಲ್ಲ, ನಮ್ಮ ಬೀದಿಗೆ!"

ಊರಿಗೆ ಬಂದ ಮೇಲೆ ಅವಳಿಗೆ ಮೆಟ್ಟಾಯಿತು. ಪಳಗಿಸೋರು ಯಾರು? ಬೊಮ್ಮರಸ! ಅವನ ತಲೆ ತೆಗೆಸಲಿಲ್ಲ ದೊರೆ. ಅರಮನೆಯಲ್ಲಿ ಯಾರಿಗೆ ಹೊಸ ಮೆಟ್ಟು ಬಂದರೂ ಅವನೇ ಮೊದಲು ಮೆಟ್ಟಿ ಕಲ್ಲು ಮುಳ್ಳು ಸುತ್ತಬೇಕು ಅಂತ ಅಪ್ಪಣೆ ಮಾಡಿದ. ಮಾಡಿದ್ದುಣ್ಣೋ ಮಹಾರಾಯ! ದುಗ್ಗವ್ವ ಕರ್ ಕರ್ ಅಂತ ಬೀದಿಗೆ ಬಂದಳು. ನಕ್ಕಿದ್ದ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟರು.

ಕೇಳಿದಿರಾ ಮಕ್ಕಳಾ? ಉಂಡ ಮನೆಗೆ ಎರಡು ಬಗೆಯಬೇಡಿ. ದೂರ ನಡೆಯುವಾಗ ನೋಡಿದವರಿಗೆ ಚೆಂದ ಕಾಣೋದನ್ನಲ್ಲ, ಕಾಲಿಗೆ ಹಿತವಾದದ್ದನ್ನ ಹಾಕ್ಕೊಳ್ಳಿ. ನಿಮ್ಮ ಕಾಲಿಗೆ ನೋವಿಲ್ಲ ಅಂದರೆ ನಿಮಗಿಂತ ಮೊದಲು ಯಾರೋ ಆ ನೋವು ತಿಂದಿದ್ದಾರೆ. ಅವರನ್ನ ಮರೀಬೇಡಿ. ಈಗ ಎದ್ದು ಮನೆಗೆ ಹೋಗಿ. ಹೋಗುವಾಗ ನಿಮ್ಮ ನಿಮ್ಮ ಮೆಟ್ಟನ್ನೇ ಹಾಕ್ಕೊಂಡು ಹೋಗಿ!