ಬಸವಣ್ಣನ ಕೊರಳಿಗೆ ಬಂದ ಹೊಳೆ

ಹೊಳೆದಂಡೆಯ ಒಂದೂರಲ್ಲಿ ಕಾಶವ್ವ ಅಂತೊಬ್ಬಳಿದ್ದಳು. ಅವಳಿಗೊಬ್ಬನೇ ಮಗ, ದುಂಡಪ್ಪ. ಮೈಯಲ್ಲಿ ಕೋಣನ ಕಸುವು, ತಲೆಯಲ್ಲಿ ಬರೀ ಗಾಳಿ. ಇಂಥವನನ್ನು ಹೆತ್ತು ಅವಳು ನಗಬೇಕೋ ಅಳಬೇಕೋ? ಇಬ್ಬರ ಹೊಟ್ಟೆಯನ್ನೂ ಒಂದು ಹಾಲೆಮ್ಮೆ ಹೊರೆಯುತ್ತಿತ್ತು.

ಒಂದು ಮಳೆಗಾಲ ಹೊಳೆ ಏರತೊಡಗಿತು. ಮನೆ ತಗ್ಗಿನಲ್ಲಿತ್ತು.

"ನೀರು ಎಷ್ಟು ಬಂದೈತಿ ನೋಡೋ! ಎಮ್ಮೀನ ದಿಬ್ಬಕ್ಕ ಹೊಡೀಬೇಕೋ ಏನೋ!"

ದುಂಡಪ್ಪ ಹೋಗಿ ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ನೀರಲ್ಲಿ ನಿಂತ. "ಅವ್ವಾ, ಮೊಣಕಾಲಮಟ!" ಮಧ್ಯಾಹ್ನ ಕೇಳಿದಳು. "ಮೊಣಕಾಲಮಟ!" ಸಂಜೆಗೂ "ಮೊಣಕಾಲಮಟ!" ಕಾಶವ್ವ ಬಂದು ನೋಡುತ್ತಾಳೆ, ಹೊಳೆ ಮೆಟ್ಟಿಲು ನುಂಗಿದಂತೆಲ್ಲ ಮಗ ಮೆಟ್ಟಿಲು ಹತ್ತುತ್ತಿದ್ದಾನೆ!

"ನೀ ಹಿಂದ ಸರದ್ರ ಮೊಣಕಾಲಮಟಾನ ಇರತೈತಲ್ಲೋ ಮಂಗ್ಯಾ! ಅಲುಗಾಡದ್ದನ್ನ ಇಟ್ಟು ಅಳೀಬೇಕು!"

"ತಿಳೀತವ್ವಾ!"

ಅಲುಗಾಡದ್ದು ಯಾವುದು? 'ಈ ಎಮ್ಮಿ ಕುಂತ್ರ ಅಲುಗಾಡಂಗಿಲ್ಲ' ಅಂತ ದಿನಾ ಅವ್ವನೇ ಬೈಯುತ್ತಿದ್ದಳಲ್ಲ! ಮರುದಿನ ಎಮ್ಮೆಯನ್ನೇ ಒಯ್ದು ನೀರಲ್ಲಿ ಕೂರಿಸಿದ. ನೀರು ಏರಿತು, ಎಮ್ಮೆ ತೇಲಿತು. ಇನ್ನೂ ಏರಿತು, ಇನ್ನೂ ತೇಲಿತು. "ಅವ್ವಾ, ಮೂಗಿನ ಕೆಳಗ ಐತಿ! ಈಗೂ ಮೂಗಿನ ಕೆಳಗನ ಐತಿ!"

ಕಾಶವ್ವ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದು ಎಮ್ಮೆಯನ್ನು ಎಳೆದುಕೊಂಡಳು.

"ಇದು ಹೋದ್ರ ಮಣ್ಣು ತಿನ್ನಬೇಕಲ್ಲೋ! ಊರು ಹೆಂಗ ಅಳೀತೈತಿ ಕೇಳು. ಮ್ಯಾಲಿನ ಮೆಟ್ಟಲದಾಗ ಕಲ್ಲಬಸವಣ್ಣ ಕುಂತಾನಲ್ಲ? ನೀರು ಗೊರಸಿಗೆ ಬಂದ್ರ ಚಿಂತಿಲ್ಲ. ಬೆನ್ನಿಗೆ ಬಂದ್ರ ಗಂಟು ಕಟ್ಟಬೇಕು. ಕೊರಳಿಗೆ ಬಂದ್ರ ಊರು ಬಿಡಬೇಕು. ಕೊರಳಿಗೆ ಮಾತ್ರ ಬರಬಾರದಪ್ಪಾ, ಬರಬಾರದು!"

"ಬರಗೊಡಂಗಿಲ್ಲ ಬಿಡವ್ವಾ!"

ದುಂಡಪ್ಪ ಬಸವಣ್ಣನ ಎದುರೇ ಕೂತ. ನೀರು ಗೊರಸಿಗೆ ಬಂತು, ನಕ್ಕ. ಬೆನ್ನಿಗೆ ಬಂತು, ತನ್ನ ರೊಟ್ಟಿಗಂಟನ್ನು ಬಿಗಿದು ಕಟ್ಟಿದ. ಕೊರಳಿಗೆ ಬರಬೇಕು ಅನ್ನುವಷ್ಟರಲ್ಲಿ ಬಸವಣ್ಣನನ್ನು ಬುಡಸಮೇತ ಕಿತ್ತು ಹೆಗಲಿಗೇರಿಸಿ ದಿಬ್ಬ ಹತ್ತಿಬಿಟ್ಟ!

ಊರವರು ಬಂದು ನೋಡಿದರು. ಬಸವಣ್ಣನೇ ಕಾಣಿಸಲೊಲ್ಲ!

"ಅಯ್ಯಯ್ಯೋ, ಕೊರಳಲ್ಲ, ಕೋಡೂ ಮುಳುಗ್ಯಾವು! ಓಡ್ರೋ!"

ಊರಿಗೆ ಊರೇ ದಿಬ್ಬಕ್ಕೆ ಓಡಿತು. ಕಾಶವ್ವನೂ ಎಮ್ಮೆಯ ಹಗ್ಗ ಹಿಡಿದು ಓಡಿದಳು. ಬೆನ್ನ ಹಿಂದೆಯೇ ಹೊಳೆ ಮನೆಗಳಿಗೆ ನುಗ್ಗಿತು.

ದಿಬ್ಬದ ಮೇಲೆ ನೋಡಿದರೆ ಬಸವಣ್ಣ ಕೂತಿದ್ದಾನೆ! ದುಂಡಪ್ಪ ರುಮಾಲಿನಿಂದ ಅವನ ಮೈ ಒರೆಸುತ್ತಿದ್ದಾನೆ.

"ಯಾಕ ಓಡಿ ಬಂದ್ರಿ? ಗೊರಸು ಮುಟ್ಟಿ ನೋಡ್ರಿ, ಒಣಾ ಒಣಾ! ಹೊಳಿ ಇಳದೈತಿ! ನಡಿಯವ್ವಾ ಮನಿಗೆ, ಹಾಲು ಹಿಂಡು ಹೊತ್ತಾತು!"

ಅವ್ವನ ಕೈಯಿಂದ ಹಗ್ಗ ಕಸಿದುಕೊಂಡು ಇಳಿಜಾರಿಗೆ ಎಳೆದ. ಎಮ್ಮೆ ಅಲ್ಲೇ ಕೂತಿತು. ಕೋಣನ ಕಸುವೆಲ್ಲ ಹಾಕಿ ಎಳೆದ. ಕೊನೆಗೂ ಆವತ್ತು ಅದು ಅಲುಗಾಡಲಿಲ್ಲ.