ಜಟ್ಟಪ್ಪ ಕೊಂಡ ರೀಲು

ಶಿಷ್ಯ ಕೇಳಿದ: “ಗುರುಗಳೇ, ನಾಳೆ ಪೇಟೆಗೆ ಹೋಗಿ ಪಿಟೀಲು ಕೊಳ್ಳಬೇಕು. ಒಂದು ಅಗ್ಗದ್ದಿದೆ, ಒಂದು ಬೆಲೆಬಾಳುವುದಿದೆ. ಅಗ್ಗದ್ದು ಕಚೇರಿಯ ನಡುವೆ ಕೈಕೊಟ್ಟರೆ ಎಂದು ಭಯ. ಬೆಲೆಯದ್ದಕ್ಕೆ ಏನಾದರೂ ಆದರೆ ಎಂದು ಇನ್ನೂ ಭಯ. ಯಾವುದನ್ನು ಕೊಳ್ಳಲಿ?”

ಗುರುಗಳು ತಮ್ಮ ಪಿಟೀಲನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಹೊಳೆ ಕಡಲು ಸೇರುವ ಕಡೆ ಜಟ್ಟಪ್ಪ ಎಂಬ ಗಾಳಗಾರನಿದ್ದ. ಅವನಿಗೆ ದೋಣಿ ಇರಲಿಲ್ಲ. ಕಡಲಿಗೆ ಚಾಚಿಕೊಂಡಿದ್ದ ಬಂಡೆಯ ಮೇಲೆ ನಿಂತು ಗಾಳ ಎಸೆಯುತ್ತಿದ್ದ. ಅವನ ಹೆಂಡತಿಯ ಅಣ್ಣ ಈರಪ್ಪನೂ ಅದೇ ಬಂಡೆಯ ಮೇಲೆ ನಿಲ್ಲುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುತ್ತಿದ್ದರು. ಒಬ್ಬನ ಗಾಳಕ್ಕೆ ದೊಡ್ಡ ಮೀನು ಬಿದ್ದರೆ ಇನ್ನೊಬ್ಬ ಬಂದು ಅವನ ಸೊಂಟದ ಬಟ್ಟೆ ಹಿಡಿದು ನಿಲ್ಲುವುದು ಅವರ ರೂಢಿ. ಆ ಬಂಡೆ ಜಾರುತ್ತಿತ್ತು. ಅಲೆ ಹೇಳಿ ಕೇಳಿ ಬರುವುದಿಲ್ಲ.

ಒಮ್ಮೆ ಜಟ್ಟಪ್ಪನ ರೀಲು ಕೆಟ್ಟಿತು. ದಾರ ಸುತ್ತುವ ರೀಲು ಇಲ್ಲದೆ ಗಾಳದ ಕೋಲಿನಿಂದ ಪ್ರಯೋಜನವಿಲ್ಲ. ಅವನು ಪೇಟೆಯ ಅಂಗಡಿಗೆ ಹೋದ. ವ್ಯಾಪಾರಿ ಎರಡು ರೀಲುಗಳನ್ನು ಮುಂದಿಟ್ಟ. ಒಂದು ಅಗ್ಗದ್ದು. ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಇನ್ನೊಂದು ಬೆಲೆಯದ್ದು. ತಿರುಗಿಸಿದರೆ ಸದ್ದೇ ಇರಲಿಲ್ಲ.

ಜಟ್ಟಪ್ಪ ಅದನ್ನು ತಿರುಗಿಸಿ ನೋಡಿದ, ಇದನ್ನು ತಿರುಗಿಸಿ ನೋಡಿದ. ಅಗ್ಗದ್ದನ್ನು ಒಯ್ದರೆ ದೊಡ್ಡ ಮೀನು ಬಂದ ದಿನವೇ ಅದು ಮುರಿದೀತು. ಬೆಲೆಯದ್ದನ್ನು ಒಯ್ದರೆ ಮನೆಯಲ್ಲಿ ಕೂಡಿಟ್ಟದ್ದೆಲ್ಲ ಖಾಲಿಯಾದೀತು. ಏನನ್ನೂ ಕೊಳ್ಳದೆ ಹಿಂದಿರುಗಿದ. ಮರುದಿನ ಮತ್ತೆ ಹೋದ, ಮತ್ತೆ ಬರಿಗೈಯಲ್ಲಿ ಬಂದ. ಊಟ ಸೇರಲಿಲ್ಲ. ಯಾರಾದರೂ ಮಾತಾಡಿಸಿದರೆ ಸಿಡುಕಿದ.

ಈರಪ್ಪ ಹೇಳಿದ: “ಯಾವುದಾದರೊಂದನ್ನು ತಾ ಭಾವ. ಮೀನಿನ ಕಾಲ ಮುಗಿಯುತ್ತ ಬಂತು.”

ಜಟ್ಟಪ್ಪ ಕೊನೆಗೆ ಬೆಲೆಯದ್ದನ್ನೇ ತಂದ. ಇನ್ನು ನಿಶ್ಚಿಂತೆ ಎಂದುಕೊಂಡ. ಆದರೆ ಭಯ ಅವನನ್ನು ಬಿಡಲಿಲ್ಲ. ಉಪ್ಪುನೀರು ತಾಗಿದರೆ ತುಕ್ಕು ಹಿಡಿದೀತು. ಮರಳು ಹೊಕ್ಕರೆ ಬಿಗಿದುಕೊಂಡೀತು. ಕಣ್ಣು ತಪ್ಪಿದರೆ ಯಾರಾದರೂ ಎತ್ತಿಕೊಂಡು ಹೋದಾರು. ಅವನು ರೀಲಿಗೆ ಬಟ್ಟೆ ಸುತ್ತಿ ಒಯ್ಯುತ್ತಿದ್ದ, ಬಟ್ಟೆ ಸುತ್ತಿ ತರುತ್ತಿದ್ದ. ಮನೆಗೆ ಬಂದರೆ ಮೊದಲು ಅದನ್ನು ಸಿಹಿನೀರಿನಲ್ಲಿ ತೊಳೆಯುತ್ತಿದ್ದ, ಆಮೇಲೆ ತನ್ನ ಕಾಲು. ಕಡಲಿನಲ್ಲಿ ಅಲೆ ಎದ್ದರೆ ಮೊದಲು ತಾನು ಹಾರಿ ತಪ್ಪಿಸಿಕೊಳ್ಳುತ್ತಿದ್ದವನು ಈಗ ಬೆನ್ನು ಕೊಟ್ಟು ರೀಲನ್ನು ಎದೆಗೆ ಅವಚಿಕೊಳ್ಳುತ್ತಿದ್ದ.

ಒಂದು ದಿನ ಅವನ ಗಾಳಕ್ಕೆ ಮೀನು ಬಿತ್ತು. ಈರಪ್ಪ ಎಂದಿನಂತೆ ಬಂದು ಸೊಂಟದ ಬಟ್ಟೆ ಹಿಡಿದ. ಅವನ ಒದ್ದೆ ಮೊಣಕೈ ರೀಲಿಗೆ ತಾಗಿತು.

“ದೂರ ನಿಲ್ಲು ಭಾವ,” ಎಂದ ಜಟ್ಟಪ್ಪ. “ಬೆಲೆಯ ವಸ್ತು ಇದು.”

ಈರಪ್ಪ ಕೈ ಬಿಟ್ಟ. ಮಾರನೆಯ ದಿನದಿಂದ ಅವನ ಬೆನ್ನ ಹಿಂದಿದ್ದ ಇನ್ನೊಂದು ಬಂಡೆಯ ಮೇಲೆ ನಿಂತು ಗಾಳ ಹಾಕಿದ. ಜಟ್ಟಪ್ಪನಿಗೆ ಅದು ತಿಳಿಯಿತು. ಕರೆಯಬೇಕೆನಿಸಿತು. ಸದ್ಯ ರೀಲಿಗೆ ಯಾರ ಕೈಯೂ ತಾಗುವುದಿಲ್ಲವಲ್ಲ ಎಂದು ಸುಮ್ಮನಾದ.

ಹಾಗಿರುವಾಗ ಒಂದು ಬೆಳಿಗ್ಗೆ ಅವನ ಗಾಳವನ್ನು ಏನೋ ಭಾರಿಯಾದದ್ದು ಎಳೆಯಿತು. ಕೋಲು ಬಾಗಿತು. ದಾರ ಓಡಿತು. ರೀಲು ಅಳುಕಲಿಲ್ಲ. ಜಟ್ಟಪ್ಪ ಅಂಗಡಿಯಲ್ಲಿ ಹೆದರಿದ್ದು ಇದೇ ಮೀನಿಗೆ. ಅವನು ಒಂದು ಹೆಜ್ಜೆ ಮುಂದಿಟ್ಟ, ಇನ್ನೊಂದು ಇಟ್ಟ. ಬದಿಯಿಂದ ಅಲೆ ಬಂದು ಅವನನ್ನು ಬಂಡೆಯಿಂದ ಕೆಡವಿತು. ದಾರ ಕಲ್ಲಿನ ಅಂಚಿಗೆ ಸಿಕ್ಕಿ ತುಂಡಾಯಿತು. ಮೀನು ಹೋಯಿತು. ಕೋಲು ಮಾತ್ರ ಅವನ ಕೈಯಲ್ಲೇ ಇತ್ತು.

ಈರಪ್ಪ ಓಡಿ ಬಂದ. ಬಂಡೆಯ ಮೇಲೆ ಬೋರಲಾಗಿ ಮಲಗಿ ಎರಡೂ ಕೈ ಚಾಚಿ ಕೂಗಿದ: “ಕೋಲು ಬಿಡು ಭಾವ! ಕೈ ಕೊಡು!”

ಜಟ್ಟಪ್ಪ ನೀರು ಕುಡಿಯುತ್ತಿದ್ದ. ಆದರೂ ಕೋಲನ್ನೇ ಮೇಲೆತ್ತಿದ. “ಮೊದಲು ಇದನ್ನು ಹಿಡಿ!” ಎಂದ.

ಈರಪ್ಪನಿಗೆ ಭಾವನ ಮನಸ್ಸು ಗೊತ್ತಿತ್ತು. ವಾದಕ್ಕೆ ಹೊತ್ತಿರಲಿಲ್ಲ. ಕೋಲನ್ನು ತೆಗೆದುಕೊಂಡ. ಅದನ್ನು ಹಿಂದಕ್ಕೆ ಎಸೆಯಲಿಲ್ಲ. ರೀಲಿಗೆ ಪೆಟ್ಟಾಗದಂತೆ ಹೊರಳಿ, ನೀರು ಬಾರದ ಕಡೆ ಮೆಲ್ಲಗೆ ಇಟ್ಟ. ಮತ್ತೆ ಇತ್ತ ಹೊರಳುವಷ್ಟರಲ್ಲಿ ಎರಡನೆಯ ಅಲೆ ಬಂತು. ಅದು ಜಟ್ಟಪ್ಪನನ್ನು ಎತ್ತಿ ಬಂಡೆಯ ಸೀಳಿಗೆ ಎಸೆಯಿತು. ಈರಪ್ಪನನ್ನು ಎಳೆದುಕೊಂಡು ಹೋಯಿತು.

ಜಟ್ಟಪ್ಪ ಸೀಳಿನಲ್ಲಿ ಎರಡೂ ಕೈಯಿಂದ ಕಲ್ಲು ಹಿಡಿದು ಕೂಗುತ್ತಲೇ ಇದ್ದ. ದೋಣಿಯವರು ಬಂದು ಅವನನ್ನು ಮೇಲೆತ್ತಿದರು. ಈರಪ್ಪ ಸಂಜೆಗೆ ಹೊಳೆಯ ಆಚೆ ದಡದಲ್ಲಿ ಸಿಕ್ಕಿದ. ಉಸಿರಿರಲಿಲ್ಲ.

ಜಟ್ಟಪ್ಪ ಹೆಂಡತಿಯ ಎದುರು ಏನನ್ನೂ ಮುಚ್ಚಿಡಲಿಲ್ಲ. ಈರಪ್ಪ ಕೈ ಚಾಚಿದ್ದನ್ನು ಹೇಳಿದ, ತಾನು ಕೋಲು ಚಾಚಿದ್ದನ್ನೂ ಹೇಳಿದ.

ಅವಳು ಕೇಳಿದಳು: “ಅಣ್ಣ ‘ಕೋಲು ಬಿಡು’ ಎಂದನೇ?”

“ಎಂದ.”

ಅವಳು ಎದ್ದು ಒಳಗೆ ಹೋದಳು. ಬಂಡೆಯ ಮೇಲಿದ್ದ ಕೋಲನ್ನು ಯಾರೋ ತಂದು ಅವರ ಮನೆಯ ಗೋಡೆಗೆ ಒರಗಿಸಿ ಹೋದರು. ಜಟ್ಟಪ್ಪ ಅದನ್ನು ಮುಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅವನು ಅಗ್ಗದ್ದನ್ನೇ ಕೊಳ್ಳಬೇಕಿತ್ತೇ, ಗುರುಗಳೇ? ನಾನೂ ಅಗ್ಗದ್ದನ್ನೇ ಕೊಳ್ಳಲೇ?”

ಗುರುಗಳು ಹೇಳಿದರು: “ನಿನ್ನ ಕೈ ಯಾವುದನ್ನು ಬಿಡಬಲ್ಲದೋ ಅದನ್ನು ಕೊಳ್ಳು.”