ಗೋಲು ಕಾಯುವವನ ಬೆರಗು

"ಬುದ್ಧಿ, ಇನ್ನೊಬ್ಬರ ದೊಡ್ಡತನ ಕಂಡು ಬೆರಗಾಗಿ ನಿಂತವನು ತಾನು ಬೆಳೆಯಬಲ್ಲನೇ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಮಡಿವಾಳಯ್ಯ. ಮಠದಲ್ಲಿ ಕಲಿಯುತ್ತಿದ್ದವರಲ್ಲಿ ಪ್ರವಚನಕ್ಕೆ ಹೆಸರಾಗುತ್ತಿದ್ದವನು. ಸುತ್ತಲಿನ ಊರುಗಳಿಂದ ಅವನನ್ನೇ ಹುಡುಕಿಕೊಂಡು ಕರೆ ಬರತೊಡಗಿತ್ತು. ಕೆಲವು ವಾರಗಳ ಹಿಂದೆ ಒಂದು ದೊಡ್ಡ ಸಭೆಯಲ್ಲಿ ಅವನಿಗಿಂತ ಮೊದಲು ಬೇರೊಂದು ಮಠದ ಹಿರಿಯರು ಮಾತಾಡಿದರು. ಅವರು ಮುಗಿಸಿ ಕುಳಿತ ಮೇಲೆ ಮಡಿವಾಳಯ್ಯ ಎದ್ದು ನಿಂತ. ಒಂದು ಮಾತೂ ಹೊರಡಲಿಲ್ಲ. ಸಭೆಗೆ ಕೈಮುಗಿದು ಕುಳಿತುಬಿಟ್ಟ. ಅಂದಿನಿಂದ ಬಂದ ಕರೆಗಳನ್ನೆಲ್ಲ ಬೇಡವೆಂದಿದ್ದ. ತಾನು ಹೇಗೆ ನಿಂತೆ, ನಾಲಿಗೆ ಹೇಗೆ ಒಣಗಿತು, ಜನ ಹೇಗೆ ನೋಡಿದರು ಎಂಬುದನ್ನೇ ಗುರುಗಳ ಮುಂದೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ತೆಗೆದರು.

ದೂರದ ಒಂದು ಚಳಿನಾಡು. ಅಲ್ಲಿ ಚಳಿಗಾಲ ಬಂತೆಂದರೆ ಹೊಳೆ ಕೆರೆಗಳೆಲ್ಲ ಹೆಪ್ಪುಗಟ್ಟುತ್ತವೆ. ಆ ಜನ ಮಂಜುಗಡ್ಡೆಯ ಮೇಲೆಯೇ ಹಾಕಿ ಆಟ ಆಡುತ್ತಾರೆ. ಕಾಲಿಗೆ ಅಲಗಿನ ಬೂಟು, ಕೈಯಲ್ಲಿ ಉದ್ದನೆಯ ಕೋಲು. ಚೆಂಡಿನ ಬದಲಿಗೆ ರಬ್ಬರಿನ ಕರಿಯ ಬಿಲ್ಲೆ. ಅದು ಕಲ್ಲಿನಂತೆ ಗಟ್ಟಿ. ನಮ್ಮಲ್ಲಿ ಕ್ರಿಕೆಟ್ ಹೇಗೋ ಅಲ್ಲಿ ಐಸ್ ಹಾಕಿ ಹಾಗೆ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡ ತಂಡಗಳಿವೆ.

ಅಂಥ ತಂಡಗಳಲ್ಲಿ ಒಂದು ಹೊಸ ತಂಡ. ಊರು ಚಿಕ್ಕದು. ಹೆಸರಾದ ಆಟಗಾರರು ಯಾರೂ ಆ ಊರಿಗೆ ಬರಲು ಒಪ್ಪಲಿಲ್ಲ. ತಂಡದ ಒಡೆಯ ಬೇರೆ ದಾರಿ ಕಾಣದೆ ಮೀಸೆ ಮೂಡುತ್ತಿದ್ದ ಹುಡುಗರನ್ನೇ ಆರಿಸಿಕೊಂಡ. ಮೊದಲ ವರ್ಷ ಅವರು ಎಲ್ಲರ ಕೈಯಲ್ಲೂ ಸೋತರು. ಜನ ನಗುವುದಕ್ಕೆಂದೇ ಆಟಕ್ಕೆ ಬರುತ್ತಿದ್ದರು. ಎರಡನೆಯ ವರ್ಷ ನಗು ಕಡಿಮೆಯಾಯಿತು. ಮೂರನೆಯ ವರ್ಷ ಆ ಹುಡುಗರಿಗೆ ಅದೇನು ಬಂತೋ, ಒಂದರ ಹಿಂದೆ ಒಂದು ತಂಡವನ್ನು ಉರುಳಿಸುತ್ತ ಹೋದರು. ಆಟವಿದ್ದ ದಿನ ಊರಿನ ಅಂಗಡಿಗಳು ಬೇಗ ಮುಚ್ಚುತ್ತಿದ್ದವು. ಎಂದೂ ಆಟ ನೋಡದ ಮುದುಕಿಯರು ಕೂಡ ಕಂಬಳಿ ಹೊದ್ದು ಬಂದು ಕೂರುತ್ತಿದ್ದರು. ಆ ಹುಡುಗರು ಗಾಳಿಯಂತೆ ಓಡುತ್ತಿದ್ದರು. ಅವರ ಓಟ ನೋಡುತ್ತಿದ್ದರೆ ಮೈ ಜುಮ್ಮೆನ್ನುತ್ತಿತ್ತು.

ಆ ತಂಡಕ್ಕೆ ಒಬ್ಬ ಗೋಲ್‌ಕೀಪರ್ ಇದ್ದ. ಮಾತು ಕಡಿಮೆಯ ಹುಡುಗ. ಅವನಲ್ಲಿ ಒಂದು ಗುಣವಿತ್ತು. ಎದುರಿಗೆ ಬರುವವನ ಮುಖವನ್ನು ಅವನು ಎಂದೂ ನೋಡುತ್ತಿರಲಿಲ್ಲ. ಕಣ್ಣು ಬಿಲ್ಲೆಯ ಮೇಲೆ ಮಾತ್ರ. ಬರುವವನು ಯಾರು, ಎಷ್ಟು ದೊಡ್ಡವನು, ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ಹೆದರಿಕೆ ಎಂಬುದು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಬಿಲ್ಲೆ ಬರುತ್ತದೆ, ಕೈ ಏಳುತ್ತದೆ, ಅಷ್ಟೇ. ಊರಿನವರು ಅವನನ್ನು ಗೋಡೆ ಎಂದು ಕರೆದರು. ಆ ಹೆಸರು ಅವನಿಗೂ ಹಿಡಿಸಿತ್ತು. ತನ್ನನ್ನು ಯಾವುದೂ ಅಲುಗಿಸಲಾರದು ಎಂಬ ಹೆಮ್ಮೆ ಒಳಗೊಳಗೇ ಬೆಳೆದಿತ್ತು.

ಆ ವರ್ಷ ಹುಡುಗರು ಫೈನಲ್ ತಲುಪಿದರು. ಎದುರಿಗೆ ರಾಜಧಾನಿಯ ಹಳೆಯ ತಂಡ. ಅದರಲ್ಲಿ ಒಬ್ಬ ಹಿರಿಯ ಆಟಗಾರನಿದ್ದ. ಗಡ್ಡ ನರೆತಿತ್ತು. ಆ ನಾಡಿನ ಮಕ್ಕಳೆಲ್ಲ ಅವನ ಆಟ ನೋಡುತ್ತ ದೊಡ್ಡವರಾಗಿದ್ದರು. ಅಂದು ಆಟಕ್ಕೆ ಮೊದಲು ಹುಡುಗರ ಗುಂಪು ಅವನನ್ನೇ ಕದ್ದು ಕದ್ದು ನೋಡುತ್ತಿತ್ತು. ಗೋಲ್‌ಕೀಪರ್ ಮಾತ್ರ ತನ್ನ ಬೂಟಿನ ದಾರ ಬಿಗಿಯುತ್ತ ಕುಳಿತಿದ್ದ.

ಆಟ ಶುರುವಾಯಿತು. ಹುಡುಗರು ಸುಲಭಕ್ಕೆ ಮಣಿಯಲಿಲ್ಲ. ಹಳೆಯ ತಂಡ ಎರಡು ಗೋಲು ಹೊಡೆದರೆ ಇವರೂ ಎರಡು ಹೊಡೆದರು. ಇನ್ನೇನು ಹೊತ್ತು ಮುಗಿಯಬೇಕು, ಆಗ ಹಿರಿಯ ಆಟಗಾರನಿಗೆ ತನ್ನ ಗೋಲಿನ ಹತ್ತಿರ ಬಿಲ್ಲೆ ಸಿಕ್ಕಿತು. ಅವನು ಅದನ್ನು ತೆಗೆದುಕೊಂಡು ಹೊರಟ.

ಅವನು ಓಡಲಿಲ್ಲ. ಮನೆಯ ಅಂಗಳದಲ್ಲಿ ಅಡ್ಡಾಡುವವನ ಹಾಗೆ ಬಂದ. ಮೊದಲ ಹುಡುಗ ಎದುರಾದ. ಹಿರಿಯ ಅವನ ಮುಂದೆ ಒಂದು ಗಳಿಗೆ ತಡೆದ. ಹುಡುಗ ಎಡಕ್ಕೆ ನುಗ್ಗಿದ. ಹಿರಿಯ ಬಲಗಡೆಯಿಂದ ಮುಂದೆ ಬಂದಿದ್ದ. ಎರಡನೆಯವನಿಗೂ ಹಾಗೆಯೇ ಆಯಿತು, ಮೂರನೆಯವನಿಗೂ. ನೋಡಿದವರಿಗೆ ಅವನು ಅವರನ್ನು ದಾಟಿ ಬಂದಂತೆ ಕಾಣಲಿಲ್ಲ. ಅವರೇ ದಾರಿ ಬಿಟ್ಟುಕೊಟ್ಟಂತೆ ಕಂಡಿತು. ಕೂಗುತ್ತಿದ್ದ ಕ್ರೀಡಾಂಗಣ ಸುಮ್ಮನಾಯಿತು. ಮಂಜುಗಡ್ಡೆಯನ್ನು ಕೊರೆಯುವ ಅಲಗಿನ ಸದ್ದೊಂದೇ ಉಳಿಯಿತು.

ಆ ಮೌನ ಕೇಳಿ ಗೋಲ್‌ಕೀಪರ್ ತಲೆ ಎತ್ತಿದ. ಬದುಕಿನಲ್ಲಿ ಮೊದಲ ಸಲ ಬಿಲ್ಲೆಯನ್ನು ಬಿಟ್ಟು ಮನುಷ್ಯನನ್ನು ನೋಡಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಅವಸರವಿರಲಿಲ್ಲ, ಗೆಲ್ಲಬೇಕೆಂಬ ಹಟ ಕೂಡ ಇರಲಿಲ್ಲ. ಮಗುವಿಗೆ ತುತ್ತು ಇಡುವ ತಾಯಿಯ ಮುಖದಲ್ಲಿ ಇರುತ್ತದಲ್ಲ, ಅಂಥ ಗಮನವೊಂದೇ ಇತ್ತು. ಹಿರಿಯ ಅವನ ಮುಂದೆಯೂ ಒಂದು ಗಳಿಗೆ ನಿಂತ. ಆಮೇಲೆ ಕೋಲನ್ನು ಮೆಲ್ಲಗೆ ಎತ್ತಿದ. ಬಿಲ್ಲೆ ಹುಡುಗನ ಹೆಗಲ ಮೇಲಿಂದ ಹಾದು ಬಲೆಯೊಳಗೆ ಬಿತ್ತು. ಅದು ಹಾದುಹೋಗುವುದನ್ನು ಅವನು ಮೊದಲಿಂದ ಕೊನೆಯವರೆಗೆ ನೋಡಿದ. ಅವನ ಕೈ ಏಳಲಿಲ್ಲ.

ಹುಡುಗರು ಸೋತರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೆಲವರು ಮುಖ ಮುಚ್ಚಿಕೊಂಡು ಅತ್ತರು. ತರಬೇತುದಾರ ಗೋಲ್‌ಕೀಪರನ ಹತ್ತಿರ ಬಂದು ಏನಾಯಿತೆಂದು ಕೇಳಿದ. ದೀಪ ಕಣ್ಣಿಗೆ ಹೊಡೆಯಿತು ಎನ್ನಬಹುದಿತ್ತು, ಕೈಗವಸು ಸಿಕ್ಕಿಕೊಂಡಿತು ಎನ್ನಬಹುದಿತ್ತು. ಯಾರೂ ಅನುಮಾನಪಡುತ್ತಿರಲಿಲ್ಲ.

"ನೋಡುತ್ತ ನಿಂತುಬಿಟ್ಟೆ," ಎಂದ ಅವನು. "ಅಷ್ಟು ಚೆನ್ನಾಗಿತ್ತು."

ತಂಡದಲ್ಲೇ ಎಲ್ಲರಿಗಿಂತ ವೇಗದವನಾದ ಮುಂಚೂಣಿಯ ಆಟಗಾರ ಕುಳಿತಲ್ಲಿಂದ ಎದ್ದ. "ನಿನ್ನ ಕೆಲಸ ನೋಡುವುದಲ್ಲ, ತಡೆಯುವುದು," ಎಂದ. ಗೋಲ್‌ಕೀಪರ್ ತಲೆಯಾಡಿಸಿ ಕೈಗವಸು ಬಿಚ್ಚತೊಡಗಿದ. ಅದು ನಿಜವೇ ಆಗಿತ್ತು.

ಸುದ್ದಿ ಊರಿಗೆ ಇವರಿಗಿಂತ ಮುಂಚೆ ತಲುಪಿತ್ತು. ಗೋಡೆ ಎಂದು ಕರೆದವರು ಈಗ ಪ್ರೇಕ್ಷಕ ಎಂದು ಕರೆದರು. ಅವನು ಬ್ರೆಡ್ಡು ತರಲು ಹೋದರೂ ಯಾರಾದರೊಬ್ಬರು ಬಾಯಿ ತೆರೆದು, ಕಣ್ಣು ಅರಳಿಸಿ ನಿಂತು ಅಣಕಿಸುತ್ತಿದ್ದರು. ಒಡೆಯ ತರಬೇತುದಾರನಿಗೆ ಹೇಳಿ ಕಳಿಸಿದ: ಬೆರಗಾಗಿ ನಿಲ್ಲುವವನು ಗೋಲು ಕಾಯುವ ಕೆಲಸಕ್ಕೆ ಬರುವುದಿಲ್ಲ, ಬೇರೆಯವನನ್ನು ಹುಡುಕು.

ತರಬೇತುದಾರನಿಗೂ ಅದು ಸರಿಯೆಂದೇ ತೋರಿತು. ಆದರೆ ಒಂದು ವಿಷಯ ಅವನನ್ನು ಕಾಡುತ್ತಿತ್ತು. ಹುಡುಗ ಸುಳ್ಳು ಹೇಳಬಹುದಾದ ಕಡೆ ಸುಳ್ಳು ಹೇಳಿರಲಿಲ್ಲ. ಅಷ್ಟು ಅವಮಾನವನ್ನು ಮೈಮೇಲೆ ಎಳೆದುಕೊಳ್ಳುವಂಥದ್ದು ಏನನ್ನು ಕಂಡಿರಬೇಕು? ಅವನು ಹುಡುಗನ ಮನೆಗೆ ಹೋದ. ಒಡೆಯನ ಮಾತನ್ನು ಮುಚ್ಚಿಡದೆ ತಿಳಿಸಿದ. ಆಮೇಲೆ, ಅಂದು ಕಂಡದ್ದೇನು ಎಂದು ಕೇಳಿದ.

ಹುಡುಗ ಹೇಳಲು ಹೋಗಿ ಮಾತು ಸಿಗದೆ ಒದ್ದಾಡಿದ. ಕೊನೆಗೆ, ಆಡಿ ತೋರಿಸುತ್ತೇನೆ ಎಂದ.

ಇಬ್ಬರೂ ಖಾಲಿ ಕ್ರೀಡಾಂಗಣಕ್ಕೆ ಹೋದರು. ಹುಡುಗ ಗೋಲು ಕಾಯುವ ದಪ್ಪ ಕವಚಗಳನ್ನು ತೊಡಲಿಲ್ಲ. ಯಾರದೋ ಕೋಲು ತೆಗೆದುಕೊಂಡು ಆ ತುದಿಯಿಂದ ಬಿಲ್ಲೆ ತಳ್ಳುತ್ತ ಬಂದ. ಅವನ ನಡಿಗೆ ಒರಟು. ಮುಂದೆ ಆಡಿ ಅಭ್ಯಾಸವಿಲ್ಲ. ಆದರೂ ಹಿರಿಯ ಆಟಗಾರ ಎಲ್ಲಿ ಹೆಗಲು ಸಡಿಲ ಬಿಟ್ಟ, ಎಲ್ಲಿ ಮೊಣಕಾಲು ಬಗ್ಗಿಸಿದ, ಎಲ್ಲಿ ಉಸಿರು ಹಿಡಿದ, ಎಲ್ಲವೂ ಅವನಲ್ಲಿ ಉಳಿದಿತ್ತು. ಒಂದೊಂದನ್ನೂ ನಿಂತು ನಿಂತು ತೋರಿಸಿದ.

"ಅವರು ಯಾರನ್ನೂ ಏಮಾರಿಸಲಿಲ್ಲ ಸರ್," ಎಂದ. "ಎದುರಿನವನು ಮನಸ್ಸು ಮಾಡುವವರೆಗೆ ಕಾದರು. ಅವನು ಒಂದು ಕಡೆ ಹೊರಟ ಮೇಲೆ ಅವನು ಬಿಟ್ಟ ಜಾಗಕ್ಕೆ ಹೋದರು. ನಮ್ಮಲ್ಲಿ ಯಾರಿಗೂ ಕಾಯಲು ಬರುವುದಿಲ್ಲ."

ತರಬೇತುದಾರ ಆ ಗೋಲನ್ನು ಟೀವಿಯಲ್ಲಿ ಎಷ್ಟೋ ಸಲ ಹಾಕಿಸಿಕೊಂಡು ನೋಡಿದ್ದ. ಅವನಿಗೆ ಕಂಡದ್ದು ಚುರುಕು, ಅನುಭವ, ಅದೃಷ್ಟ. ಈ ಕಾಯುವಿಕೆ ಕಂಡಿರಲಿಲ್ಲ. ಅವನು ಮಂಜುಗಡ್ಡೆಯ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದ. ಹುಡುಗನನ್ನು ತೆಗೆದರೆ ತಾನೂ ಹೋಗುತ್ತೇನೆ ಎಂದು ಮರುದಿನ ಒಡೆಯನಿಗೆ ತಿಳಿಸಿದ. ಒಡೆಯ ಗೊಣಗುತ್ತಲೇ ಒಪ್ಪಿದ.

ಆ ಬೇಸಿಗೆಯೆಲ್ಲ, ಕ್ರೀಡಾಂಗಣದೊಳಗೆ ಯಂತ್ರದಿಂದ ಹೆಪ್ಪುಗಟ್ಟಿಸಿದ ಮಂಜುಗಡ್ಡೆಯ ಮೇಲೆ, ಗೋಲ್‌ಕೀಪರ್ ತಾನು ಕಂಡದ್ದನ್ನು ತಂಡದವರಿಗೆ ತೋರಿಸಿದ. ಮೊದಲು ಒಬ್ಬಿಬ್ಬರು ಬಂದರು, ಆಮೇಲೆ ಉಳಿದವರು. ಗಾಳಿಯಂತೆ ಓಡುವ ಹುಡುಗರು ನಿಲ್ಲುವುದನ್ನು ಕಲಿಯಲು ತಿಣುಕಿದರು. ಎದುರಿನವನ ಮುಂದೆ ಆ ಒಂದು ಗಳಿಗೆ ಸುಮ್ಮನಿರುವುದು ಅವರಿಗೆ ಓಡುವುದಕ್ಕಿಂತ ಕಷ್ಟವಾಗಿತ್ತು. ಎಲ್ಲರಿಗಿಂತ ಕೊನೆಗೆ ಬಂದವನು ಆ ವೇಗದ ಹುಡುಗ. ಅವನು ಕ್ಷಮೆ ಕೇಳಲಿಲ್ಲ. ಬಿಲ್ಲೆಯನ್ನು ಗೋಲ್‌ಕೀಪರನ ಕಾಲ ಬಳಿಗೆ ತಳ್ಳಿ, ಇನ್ನೊಮ್ಮೆ ತೋರಿಸು ಎಂದ. ಗೋಲ್‌ಕೀಪರ್ ತೋರಿಸಿದ. ಅವರಿಬ್ಬರ ನಡುವೆ ಅಷ್ಟು ಸಾಕಾಗಿತ್ತು.

ಮುಂದಿನ ಚಳಿಗಾಲದಲ್ಲಿ ಆ ತಂಡವನ್ನು ನೋಡಿದವರು ಹಿಂದಿನ ಹುಡುಗರೇ ಎಂದು ನಂಬಲಿಲ್ಲ. ವೇಗ ಹಾಗೆಯೇ ಇತ್ತು. ಆ ವೇಗದ ನಡುವೆ ಈಗ ನಿಲುಗಡೆ ಬಂದಿತ್ತು. ಎದುರಾಳಿಗಳು ತಾವಾಗಿಯೇ ದಾರಿ ಬಿಟ್ಟು ಸರಿಯುತ್ತಿದ್ದರು. ಬೇರೆ ಊರಿನ ಜನ ತಮ್ಮ ತಂಡ ಸೋಲುತ್ತಿದ್ದರೂ ಎದ್ದು ನಿಂತು ನೋಡುತ್ತಿದ್ದರು.

ಅವರು ಮತ್ತೆ ಫೈನಲ್ ತಲುಪಿದರು. ಎದುರಿಗೆ ಮತ್ತೆ ಅದೇ ಹಳೆಯ ತಂಡ. ಹಿರಿಯ ಆಟಗಾರನಿಗೆ ಅದು ಕೊನೆಯ ಆಟ. ಈ ಸಲ ಹುಡುಗರು ಒಂದು ಗೋಲು ಮುಂದಿದ್ದರು. ಹೊತ್ತು ಮುಗಿಯುತ್ತ ಬಂದಾಗ ಹಿರಿಯ ಬಿಲ್ಲೆ ಹಿಡಿದು ಹೊರಟ. ಅಂದು ಅವನು ಬಂದ ರೀತಿ ಹಿಂದಿನದಕ್ಕಿಂತಲೂ ಸೊಗಸಾಗಿತ್ತು ಎಂದು ಕಂಡವರು ಹೇಳುತ್ತಾರೆ. ಕೊನೆಗೆ ಅವನ ಮುಂದೆ ಉಳಿದವನು ಗೋಲ್‌ಕೀಪರ್ ಒಬ್ಬನೇ.

ಹುಡುಗ ತಲೆ ಎತ್ತಿ ಅವನ ಮುಖವನ್ನು ನೋಡಿದ. ಈ ಸಲವೂ ಅವನ ಎದೆ ತುಂಬಿ ಬಂತು. ಇಂಥವನ ಎದುರು ನಿಲ್ಲುವ ಯೋಗ ತನಗೆ ಬಂದಿತಲ್ಲ ಎನಿಸಿತು. ಹಿರಿಯ ಕಾದ. ಹುಡುಗನೂ ಕಾದ. ಒಬ್ಬರು ಇನ್ನೊಬ್ಬರನ್ನು ನೋಡುತ್ತ ನಿಂತರು. ಸಾವಿರಾರು ಜನ ಉಸಿರು ಬಿಡದೆ ಕುಳಿತಿದ್ದರು. ಅಷ್ಟು ವರ್ಷಗಳ ಆಟದಲ್ಲಿ ಎಂದೂ ಆಗದ್ದು ಆಗ ಆಯಿತು. ಹಿರಿಯನೇ ಮೊದಲು ಮನಸ್ಸು ಮಾಡಿದ. ಕೋಲು ಎದ್ದಿತು. ಹುಡುಗನ ಕೈಯೂ ಎದ್ದಿತು. ಬಿಲ್ಲೆ ಕೈಗವಸಿನೊಳಗೆ ಬಂದು ಕುಳಿತಿತು.

ಆಟ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕುವುದು ಅಲ್ಲಿನ ಪದ್ಧತಿ. ಹಿರಿಯ ಆಟಗಾರ ಗೋಲ್‌ಕೀಪರನ ಕೈ ಹಿಡಿದು, ಹಾಗೆ ಕಾಯುವುದನ್ನು ಯಾರು ಕಲಿಸಿದರು ಎಂದು ಕೇಳಿದ. ಹೋದ ವರ್ಷ ನೀವೇ ಕಲಿಸಿದಿರಿ ಎಂದ ಹುಡುಗ. ಹಿರಿಯ ಹಿಡಿದ ಕೈಯನ್ನು ಬಿಡದೆ ಅವನನ್ನು ನೋಡುತ್ತ ನಿಂತ. ಹಿಂದೆ ಸಾಲಿನಲ್ಲಿದ್ದವರು ತಾಳ್ಮೆಯಿಂದ ಕಾದರು.

ಗುರುಗಳು ಕತೆ ನಿಲ್ಲಿಸಿದರು.

ಮಡಿವಾಳಯ್ಯ, "ಅವನ ಭಾಗ್ಯ ದೊಡ್ಡದು ಬುದ್ಧಿ. ನನಗೆ ಅಂದು ಮಾತೇ ನಿಂತುಹೋಯಿತಲ್ಲ," ಎಂದ.

"ಮಾತು ನಿಂತುಹೋಯಿತು ಎಂದು ಇಷ್ಟು ಸಲ ಹೇಳಿದೆ, ಅಂದು ಆ ಹಿರಿಯರು ಏನು ಹೇಳಿದರು ಎಂದು ಒಮ್ಮೆಯೂ ಹೇಳಲಿಲ್ಲವಲ್ಲ," ಎಂದರು ಗುರುಗಳು.

ಮಡಿವಾಳಯ್ಯ ಅವರ ಮಾತನ್ನು ನೆನೆಯಲು ಹೋದ; ನೆನಪಿಗೆ ಬಂದದ್ದು ತಾನು ನಿಂತ ರೀತಿಯೊಂದೇ.